ಹಳೇ ಮೆಟಾಲಿಕಾ, ಹೊಸ ಮೆಟಾಲಿಕಾ: ಎರಡೂ ಒಂದೇ ತೂಕವೇ?

ಅಮೆರಿಕದ ಹೆವಿ ಮೆಟಲ್ ತಂಡ ಮೆಟಾಲಿಕಾದ ಅಭಿಮಾನಿಗಳು ನಾಲ್ಕು ಜನ ಸೇರಿದ ಕಡೆ ಈ ಜಗಳ ತಪ್ಪಿದ್ದಲ್ಲ. 1983ರಿಂದ 1988ರವರೆಗಿನ ನಾಲ್ಕು ಆಲ್ಬಂಗಳು ಒಂದು ಕಡೆ, 2008ರಿಂದ ಈಚೆಗೆ ಬಂದ ‘ಡೆತ್ ಮ್ಯಾಗ್ನೆಟಿಕ್’, ‘ಹಾರ್ಡ್‌ವೈರ್ಡ್’, ‘72 ಸೀಸನ್ಸ್’ ಇನ್ನೊಂದು ಕಡೆ. ನಡುವಿನ ಇಪ್ಪತ್ತು ವರ್ಷದಲ್ಲಿ ಕೋಟಿಗಟ್ಟಲೆ ಮಾರಾಟವಾದ 1991ರ ಬ್ಲ್ಯಾಕ್ ಆಲ್ಬಂ ಇದೆ, ಕೂದಲು ಕತ್ತರಿಸಿಕೊಂಡ ‘ಲೋಡ್’ ಕಾಲ ಇದೆ, ಸ್ನೇರ್ ಡ್ರಮ್ಮು ತಗಡಿನ ಡಬ್ಬದಂತೆ ಕೇಳುವ ‘ಸೇಂಟ್ ಆ್ಯಂಗರ್’ ಇದೆ. ಅದರ ವ್ಯಾಜ್ಯವೇ ಬೇರೆ, ಇಲ್ಲಿಗೆ ತರುವುದಿಲ್ಲ. ಹೊಸದು ಹಳೆಯದಕ್ಕೆ ಸಾಟಿ ಎನ್ನುವವರೊಬ್ಬರು, ಅಲ್ಲ ಎನ್ನುವವರೊಬ್ಬರು ಇಲ್ಲಿ ತಮ್ಮ ಮಾತು ಇಟ್ಟಿದ್ದಾರೆ.

ಪರ: ಸಿಟ್ಟು ಅದೇ, ಸಿಟ್ಟಾಗುವವನಿಗೆ ವಯಸ್ಸಾಗಿದೆ

ವಾದಕ್ಕೆ ಬಂದವರಿಗೆ ಮೊದಲು ಎರಡು ಹಾಡು ಒಂದರ ಹಿಂದೊಂದು ಕೇಳಿ ಬನ್ನಿ ಎಂದು ನಾನು ಹೇಳುವುದುಂಟು. ಒಂದು, 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಆಲ್ಬಂನ ಕೊನೆಯ ಹಾಡು ‘ಡೈಯರ್ಸ್ ಈವ್’. ಇನ್ನೊಂದು, 2023ರ ‘72 ಸೀಸನ್ಸ್’ ಆಲ್ಬಂನ ಮೊದಲ ಹಾಡು. ಆಲ್ಬಂನ ಹೆಸರೇ ಅದರದ್ದೂ.

‘ಡೈಯರ್ಸ್ ಈವ್’ ಅಪ್ಪ ಅಮ್ಮನಿಗೆ ಬರೆದ ಪತ್ರದ ಧಾಟಿಯಲ್ಲಿದೆ. ತಂಡದ ಹಾಡುಗಾರ, ಗಿಟಾರಿಸ್ಟ್ ಜೇಮ್ಸ್ ಹೆಟ್‌ಫೀಲ್ಡ್ ಬೆಳೆದದ್ದು ಕ್ರಿಶ್ಚಿಯನ್ ಸೈನ್ಸ್ ಪಂಥದ ಮನೆಯಲ್ಲಿ. ಕಾಯಿಲೆ ಬಿದ್ದರೆ ಡಾಕ್ಟರು ಬೇಡ, ಪ್ರಾರ್ಥನೆ ಸಾಕು ಎನ್ನುವ ನಂಬಿಕೆ. ಅಪ್ಪ ಮನೆ ಬಿಟ್ಟು ಹೋದ. ಅಮ್ಮ ಚಿಕಿತ್ಸೆ ಒಲ್ಲದೆ ಕ್ಯಾನ್ಸರ್‌ನಲ್ಲಿ ತೀರಿಕೊಂಡಾಗ ಹುಡುಗನಿಗೆ 16. ಹಾಡು ಹೊರಬರುವ ಹೊತ್ತಿಗೆ 25. ಅದರ ತುಂಬ ಇರುವುದು ಆಪಾದನೆ: ನೀವು ಹೀಗೆ ಮಾಡಿದಿರಿ, ಅದಕ್ಕೇ ನಾನು ಹೀಗಾದೆ. ಲಾರ್ಸ್ ಉಲ್ರಿಚ್‌ನ ಎರಡೂ ಕಾಲು ಡ್ರಮ್ಮಿನ ಮೇಲೆ ನಿಲ್ಲದೆ ಓಡುತ್ತಿರುತ್ತವೆ, ಗಿಟಾರು ಅದಕ್ಕಿಂತ ಮುಂದೆ. ಅದ್ಭುತ ಹಾಡು, ತಕರಾರಿಲ್ಲ.

ಈಗ 72 ಸೀಸನ್ಸ್. ವರ್ಷಕ್ಕೆ ನಾಲ್ಕು ಋತುವಿನ ಲೆಕ್ಕದಲ್ಲಿ, ಹುಟ್ಟಿದಾಗಿನಿಂದ 18 ತುಂಬುವವರೆಗಿನ ಋತುಗಳು 72. ವಿಷಯ ಅದೇ ಮನೆ, ಅದೇ ಬಾಲ್ಯ, ಅದೇ ಗಾಯ. ಆದರೆ ಹಾಡುತ್ತಿರುವವನಿಗೆ 59. ನಡುವೆ 2001ರಲ್ಲಿ ಕುಡಿತ ಬಿಡಲು ಚಿಕಿತ್ಸೆಗೆ ಸೇರಿದ್ದ. 2019ರಲ್ಲಿ ಪ್ರವಾಸವನ್ನೇ ರದ್ದುಮಾಡಿ ಇನ್ನೊಮ್ಮೆ ಸೇರಬೇಕಾಯಿತು. ಹಾಗಾಗಿ ಈ ಸಲ ಕಟಕಟೆಯಲ್ಲಿ ಅಪ್ಪ ಅಮ್ಮ ಮಾತ್ರ ನಿಂತಿಲ್ಲ. ಆಗ ತಲೆಯಲ್ಲಿ ಕೂತದ್ದು ಈಗಲೂ ನನ್ನನ್ನು ಎಳೆದಾಡುತ್ತಿದೆಯಲ್ಲ, ಇದಕ್ಕೆ ನಾನೇನು ಮಾಡಲಿ ಎನ್ನುವ ದಿಗಿಲು ಅದರಲ್ಲಿದೆ. ಮೊದಲನೆಯದು ಮನೆ ಬಿಟ್ಟ ಮಗನ ಸಿಟ್ಟು. ಎರಡನೆಯದು ತಾನೇ ಅಪ್ಪನಾಗಿ ಮಕ್ಕಳನ್ನು ಬೆಳೆಸಿದವನ ಸಿಟ್ಟು. ಒಂದು ನಿಜ, ಇನ್ನೊಂದು ನಾಟಕ ಎನ್ನುವವರು ಎರಡನೆಯದನ್ನು ಕಿವಿಗೊಟ್ಟು ಕೇಳಿಲ್ಲ.

ಇಂಥದೇ ಇನ್ನೊಂದು ಜೋಡಿ ಇದೆ. 1984ರ ‘ಫೇಡ್ ಟು ಬ್ಲ್ಯಾಕ್’ ಹುಟ್ಟಿದ್ದು ಬಾಸ್ಟನ್‌ನಲ್ಲಿ ತಂಡದ ಸಾಮಾನೆಲ್ಲ ಕಳುವಾಗಿ, ಹೆಟ್‌ಫೀಲ್ಡ್‌ನ ಅಚ್ಚುಮೆಚ್ಚಿನ ಮಾರ್ಷಲ್ ಆಂಪ್ಲಿಫೈಯರೂ ಹೋದ ದಿನಗಳಲ್ಲಿ. ಬದುಕು ಸಾಕು ಎನ್ನುವವನ ಒಳಗಿನ ಕತ್ತಲೆಯಿಂದಲೇ ಎದ್ದು ಬಂದ ಹಾಡದು. 72 ಸೀಸನ್ಸ್ ಆಲ್ಬಂನ ‘ಸ್ಕ್ರೀಮಿಂಗ್ ಸೂಯಿಸೈಡ್’ ಆ ಕತ್ತಲೆಗೇ ಬಾಯಿ ಕೊಡುತ್ತದೆ. ಮುಚ್ಚಿಡಬೇಡ, ಹೊರಗೆ ಮಾತಾಡು ಎನ್ನುತ್ತದೆ. ಇಪ್ಪತ್ತರ ಹುಡುಗನಿಗೆ ಬರೆಯಲು ಸಾಧ್ಯವಿಲ್ಲದ ಹಾಡು. ಇನ್ನು ಅದೇ ಆಲ್ಬಂನ ‘ಇನಮೊರಾಟಾ’. 11 ನಿಮಿಷ 10 ಸೆಕೆಂಡು, ತಂಡದ ಸ್ವಂತ ಹಾಡುಗಳಲ್ಲೇ ಅತಿ ಉದ್ದದ್ದು. ದುಃಖವನ್ನೇ ಪ್ರೇಯಸಿಯಂತೆ ತಬ್ಬಿಕೊಂಡು ಬಿಡಲಾರದವನ ಕಥೆ. ನಡುವೆ ಗಿಟಾರುಗಳು ಹಿಂದೆ ಸರಿದು ರಾಬರ್ಟ್ ಟ್ರುಹಿಯೊನ ಬೇಸ್ ಗಿಟಾರು ಮುಂದೆ ಬರುತ್ತದೆ, ಆಮೇಲೆ ಗಿಟಾರುಗಳು ಒಂದೊಂದಾಗಿ ಮೆಲ್ಲಗೆ ಮರಳುತ್ತವೆ. ಹಿಂದಿನ ಬೇಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡ ಮೇಲೆ ಈ ತಂಡದಲ್ಲಿ ಬೇಸಿಗೆ ಇಷ್ಟು ಜಾಗ ಸಿಕ್ಕಿದ್ದು ಅಪರೂಪ.

ಬೇಸಿನ ಮಾತು ಬಂತಲ್ಲ, ಹಳೆಯ ಭಕ್ತರಿಗೆ ಒಂದು ಪ್ರಶ್ನೆ. ‘ಜಸ್ಟಿಸ್’ ಆಲ್ಬಂನಲ್ಲಿ ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಎಲ್ಲಿದೆ? ಹೆಡ್‌ಫೋನ್ ಹಾಕಿಕೊಂಡು ಹುಡುಕಿದರೂ ಸಿಗುವುದು ಕಷ್ಟ. ಹೊಸದಾಗಿ ಸೇರಿದವನ ವಾದ್ಯವನ್ನು ಮಿಕ್ಸಿಂಗ್‌ನಲ್ಲಿ ಹೂತುಹಾಕಿದ ಆಲ್ಬಂ ಅದು. ಆದರೂ ಆ ಒಣಕಲು ಶಬ್ದವನ್ನು ‘ಅದರ ಗುಣವೇ ಹಾಗೆ’ ಎಂದು ಕೊಂಡಾಡುತ್ತೇವೆ. 2008ರ ಡೆತ್ ಮ್ಯಾಗ್ನೆಟಿಕ್‌ನಲ್ಲಿ ಧ್ವನಿಮಟ್ಟವನ್ನು ಗಡಿಯ ತನಕ ಒತ್ತಿದ್ದರಿಂದ ಡ್ರಮ್ ಬಿದ್ದಲ್ಲೆಲ್ಲ ಶಬ್ದ ಬಿರಿಯುತ್ತದೆ ನಿಜ. ‘ಗಿಟಾರ್ ಹೀರೋ’ ವಿಡಿಯೊ ಗೇಮಿಗೆ ಕೊಟ್ಟ ಪ್ರತಿಯಲ್ಲಿ ಅದೇ ಹಾಡುಗಳು ಸ್ವಚ್ಛವಾಗಿ ಕೇಳಿದ್ದರಿಂದ ಈ ಗುಟ್ಟು ರಟ್ಟಾಯಿತು. ತಪ್ಪು ತಪ್ಪೇ, ನಾನೂ ಒಪ್ಪುತ್ತೇನೆ. ಆದರೆ 1988ರ ತಪ್ಪು ಗುಣವಾಗಿ, 2008ರ ತಪ್ಪು ಅಪರಾಧವಾಗುವುದು ಯಾವ ನ್ಯಾಯ?

ಇನ್ನೂ ತಮಾಷೆಯೆಂದರೆ, ಈ ತಂಡ ಏನು ಮಾಡಿದರೂ ತಪ್ಪೇ. ನಿರ್ಮಾಪಕ ಬಾಬ್ ರಾಕ್ ಕೈಕೆಳಗೆ ಹಾಡುಗಳು ಮೆತ್ತಗಾದವು, ಅವನನ್ನು ಬಿಡಿ ಎಂದು ಅಭಿಮಾನಿಗಳು ಸಹಿ ಸಂಗ್ರಹಿಸಿದ್ದೂ ಆಯಿತು. ತಂಡ ಇನ್ನೊಬ್ಬ ನಿರ್ಮಾಪಕ ರಿಕ್ ರೂಬಿನ್ ಬಳಿಗೆ ಹೋಯಿತು. ‘ಮಾಸ್ಟರ್ ಆಫ್ ಪಪೆಟ್ಸ್’ ಮಾಡುವಾಗ ನಿಮ್ಮ ತಲೆಯಲ್ಲಿ ಏನಿತ್ತೋ ಅಲ್ಲಿಗೆ ಮರಳಿ ಎಂಬುದೇ ಅವನ ಸಲಹೆ. ಮರಳಿದರು. ಆಗ ಅಭಿಮಾನಿಗಳು ಹೇಳಿದ್ದೇನು? ‘ತಮ್ಮನ್ನು ತಾವೇ ನಕಲು ಮಾಡುತ್ತಿದ್ದಾರೆ.’

ವೇಗ ಹೋಯಿತು ಎನ್ನುವವರು 2016ರ ‘ಸ್ಪಿಟ್ ಔಟ್ ದ ಬೋನ್’ ಕೇಳಲಿ. ಐವತ್ತು ದಾಟಿದವರು ಏಳು ನಿಮಿಷ ಉಸಿರು ಬಿಡದೆ ನುಡಿಸಿದ ಥ್ರ್ಯಾಶ್ (ಬಿರುಸಿನ ಮೆಟಲ್) ಅದು. ಅದನ್ನು ವೇದಿಕೆಗೆ ತರಲು ಸುಮಾರು ಒಂದು ವರ್ಷ ತಡಮಾಡಿದರು, ಕೈಲಾಗದೆ ಹೆದರಿದ್ದರು ಎಂದು ಹಂಗಿಸುವವರಿದ್ದಾರೆ. ಡೈಯರ್ಸ್ ಈವ್ ಪೂರ್ತಿಯಾಗಿ ವೇದಿಕೆ ಹತ್ತಿದ್ದು 2004ರಲ್ಲಿ, ಬಂದು 16 ವರ್ಷಗಳಾದ ಮೇಲೆ. ಹರೆಯದಲ್ಲೂ ಕಷ್ಟ ಕಷ್ಟವೇ ಆಗಿತ್ತು.

ಪ್ರಶಸ್ತಿಯ ಮಾತು ನಾನು ಎತ್ತುವುದಿಲ್ಲ. 72 ಸೀಸನ್ಸ್ ಹಾಡಿಗೆ 2024ರಲ್ಲಿ ಗ್ರ್ಯಾಮಿ ಬಂತು, ಸರಿ. 1989ರಲ್ಲಿ ಜಸ್ಟಿಸ್ ಆಲ್ಬಂ ಬಿಟ್ಟು ಮೆಟಲ್ ತಂಡವೇ ಅಲ್ಲದ ಜೆತ್ರೊ ಟಲ್‌ಗೆ ಹಾರ್ಡ್ ರಾಕ್-ಮೆಟಲ್ ಪ್ರಶಸ್ತಿ ಕೊಟ್ಟವರೂ ಅವರೇ.

ನನಗೆ ಮುಖ್ಯವಾದದ್ದು ಗಂಟಲು. 1983ರ ‘ಕಿಲ್ ’ಎಮ್ ಆಲ್’ನಲ್ಲಿ ಹೆಟ್‌ಫೀಲ್ಡ್ ಹಾಡುವುದಕ್ಕಿಂತ ಕಿರುಚುವುದೇ ಹೆಚ್ಚು. ಆಗಿನ್ನೂ 19, ಪಾಪ. ಆ ದನಿಯ ಮೇಲೆ ತಂಡಕ್ಕೇ ಭರವಸೆ ಇರಲಿಲ್ಲ. ಆರ್ಮರ್ಡ್ ಸೇಂಟ್ ತಂಡದ ಜಾನ್ ಬುಷ್‌ನನ್ನು ಹಾಡಲು ಬಾರಯ್ಯ ಎಂದು ಕರೆದಿದ್ದರು, ಆತ ಒಲ್ಲೆ ಎಂದ. ಈಗಿನ ಆಲ್ಬಂಗಳಲ್ಲಿ ಅದೇ ಗಂಟಲು ಒಂದು ಸಾಲನ್ನು ಉಗ್ಗಡಿಸಿ, ಮರುಸಾಲನ್ನು ಎಳೆದು, ಮೂರನೆಯದನ್ನು ನುಂಗಿಕೊಂಡು ಹಾಡುತ್ತದೆ. ಹಾಡುಗಾರಿಕೆಯ ಮಟ್ಟಿಗೆ, ಹಳೆಯದು ಹೊಸದಕ್ಕೆ ಸಾಟಿಯೇ ಎಂದು ಕೇಳಬೇಕಾದೀತು.

ವಿರೋಧ: ‘ಇದು ಬೇಡ’ ಎನ್ನಲು ಕೋಣೆಯಲ್ಲಿ ಯಾರೂ ಇಲ್ಲ

ಲೆಕ್ಕ ಮೊದಲು. 1986ರ ಮಾಸ್ಟರ್ ಆಫ್ ಪಪೆಟ್ಸ್: ಎಂಟು ಹಾಡು, 55 ನಿಮಿಷ. 2016ರ ಹಾರ್ಡ್‌ವೈರ್ಡ್: ಹನ್ನೆರಡು ಹಾಡು, 77 ನಿಮಿಷ, ಎರಡು ಡಿಸ್ಕು. 2023ರ 72 ಸೀಸನ್ಸ್: ಮತ್ತೆ ಹನ್ನೆರಡು, ಮತ್ತೆ 77.

ಬರೀ ಉದ್ದದ ಮೇಲೆ ನನಗೆ ದ್ವೇಷವಿಲ್ಲ. ಮಾಸ್ಟರ್ ಆಲ್ಬಂನ ಮೂರು ಹಾಡು ಎಂಟು ನಿಮಿಷ ದಾಟುತ್ತವೆ, ಒಂದರಲ್ಲೂ ಗಡಿಯಾರ ನೋಡಬೇಕೆನಿಸುವುದಿಲ್ಲ. ಕಾರಣ, ಎಂಟರಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವಿದೆ. ‘ಬ್ಯಾಟರಿ’ ತಂತಿ ಮೀಟುವ ಅಕೌಸ್ಟಿಕ್ ಗಿಟಾರಿನಿಂದ ಶುರುವಾಗಿ ಒಮ್ಮೆಲೇ ಮೈಮೇಲೆ ಬೀಳುತ್ತದೆ. ‘ದ ಥಿಂಗ್ ದಟ್ ಶುಡ್ ನಾಟ್ ಬಿ’ ತೆವಳುತ್ತದೆ. ‘ಸ್ಯಾನಿಟೇರಿಯಂ’ ಮೆಲುದನಿಯಲ್ಲಿ ಹುಟ್ಟಿ ದಂಗೆಯಲ್ಲಿ ಮುಗಿಯುತ್ತದೆ. ‘ಒರಾಯನ್’ನಲ್ಲಿ ಎಂಟು ನಿಮಿಷಕ್ಕೂ ಮಿಕ್ಕಿ ಒಂದು ಮಾತಿಲ್ಲ, ಎಲ್ಲವನ್ನೂ ವಾದ್ಯಗಳೇ ಹೇಳುತ್ತವೆ. 72 ಸೀಸನ್ಸ್‌ನಲ್ಲಿ ಮೆಲುಹಾಡು ಒಂದೂ ಇಲ್ಲ, ಮಾತಿಲ್ಲದ ಹಾಡು ಒಂದೂ ಇಲ್ಲ. ಮೂರನೆಯದರಿಂದ ಒಂಬತ್ತನೆಯದರವರೆಗೆ ಹಾಡುಗಳ ಕ್ರಮ ಅದಲುಬದಲು ಮಾಡಿ ಕೇಳಿಸಿದರೆ ಎಷ್ಟು ಮಂದಿಗೆ ಗೊತ್ತಾದೀತು?

‘ಮಾಸ್ಟರ್ ಆಫ್ ಪಪೆಟ್ಸ್’ ಹಾಡನ್ನೇ ಹತ್ತಿರದಿಂದ ನೋಡೋಣ. ಮೊದಲ ಚರಣ ಶುರುವಾದಾಗ ತೊಡೆಯ ಮೇಲೆ ತಾಳ ಹಾಕಿ. ಮೂರು ಸುತ್ತು ಸಲೀಸಾಗಿ ನಾಲ್ಕು ನಾಲ್ಕು ಎಣಿಕೆಗೆ ಸಿಗುತ್ತದೆ. ನಾಲ್ಕನೇ ಸುತ್ತಿಗೆ ನಿಮ್ಮ ಕೈ ಮೇಲೆದ್ದಿರುವಾಗಲೇ ಅವರು ಮುಂದಿನ ಸಾಲಿಗೆ ಹಾರಿರುತ್ತಾರೆ, ಏಕೆಂದರೆ ಆ ಸುತ್ತನ್ನು ಅರ್ಧಕ್ಕೇ ಕತ್ತರಿಸಿದ್ದಾರೆ. ಪ್ರತಿ ಸಲ ಕೈ ಎಡವುತ್ತದೆ. ಚಟದ ಕೈಗೊಂಬೆಯಾದವನ ಹಾಡಿಗೆ ಇದಕ್ಕಿಂತ ಸರಿಯಾದ ತಾಳ ಇನ್ನಾವುದಿದೆ? ಹೆಟ್‌ಫೀಲ್ಡ್ ಆ ವೇಗದಲ್ಲೂ ತಂತಿಯನ್ನು ಮೇಲಿಂದ ಕೆಳಕ್ಕೆ ಮಾತ್ರ ಹೊಡೆಯುತ್ತಾನೆ. ಕೆಳಗಿಂದ ಮೇಲಕ್ಕೂ ಹೊಡೆದರೆ ಅರ್ಧ ಶ್ರಮ, ಆದರೆ ಆ ಕಚ್ಚು ಬರುವುದಿಲ್ಲ. ಮೂರೂವರೆ ನಿಮಿಷ ದಾಟಿದ ಮೇಲೆ ಎಲ್ಲ ತಣ್ಣಗಾಗಿ ಎರಡು ಗಿಟಾರು ಜೊತೆಜೊತೆಗೆ ಹಾಡತೊಡಗುತ್ತವೆ, ಅಲ್ಲಿನ ಮೊದಲ ಸೋಲೋ ಹೆಟ್‌ಫೀಲ್ಡ್‌ನದೇ. ಆ ನೆಮ್ಮದಿಯೂ ಮೋಸ ಎಂದು ತಿಳಿಯುವಷ್ಟರಲ್ಲಿ ಮತ್ತೆ ಬಡಿತ, ಆಮೇಲೆ ಇನ್ನೊಬ್ಬ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್‌ನ ಕಿಡಿ. ಎಂಟೂವರೆ ನಿಮಿಷದಲ್ಲಿ ತೆಗೆದುಹಾಕಬಹುದಾದ ಹತ್ತು ಸೆಕೆಂಡು ತೋರಿಸಿ.

ಈಗ ‘ಇಫ್ ಡಾರ್ಕ್‌ನೆಸ್ ಹ್ಯಾಡ್ ಎ ಸನ್’ ಹಾಕಿ. ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ಮಟ್ಟು) ಚೆನ್ನಾಗಿಯೇ ಇದೆ. ಅದನ್ನೇ ಒಂದು ನಿಮಿಷಕ್ಕೂ ಮಿಕ್ಕಿ ಮಾರ್ಚ್ ಮಾಡಿಸಿ ಆಮೇಲೆ ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ನಮಗೆ ಅದು ಬಾಯಿಪಾಠ.

ಹೀಗೇಕಾಯಿತು? ಬೆರಳು ಸೋತದ್ದರಿಂದಲ್ಲ. ಹಳೆಯ ಮೆಟಾಲಿಕಾ ಜಗಳಗಂಟರ ಗುಂಪು. ಗಿಟಾರಿಸ್ಟ್ ಡೇವ್ ಮಸ್ಟೇನ್‌ನನ್ನು 1983ರಲ್ಲಿ ಹೊರಹಾಕಿದರು, ಆದರೂ ಕಿಲ್ ’ಎಮ್ ಆಲ್‌ನ ನಾಲ್ಕು ಹಾಡುಗಳಲ್ಲಿ, ‘ರೈಡ್ ದ ಲೈಟ್ನಿಂಗ್’ನ ಎರಡರಲ್ಲಿ ಅವನ ಹೆಸರು ಉಳಿಯಿತು. ಬರ್ಟನ್ ಬೇರೆಯೇ ಬಗೆಯವನು. ಬಾಕ್‌ನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುತ್ತಿದ್ದ, ಹಾರ್ಮನಿ ಶಾಸ್ತ್ರ ಓದಿಕೊಂಡಿದ್ದ. ಎರಡು ಗಿಟಾರುಗಳು ಒಂದರ ಮೇಲೊಂದು ಏರುವ ಆ ಮಟ್ಟುಗಳು ಈ ತಂಡಕ್ಕೆ ದಕ್ಕಿದ್ದರಲ್ಲಿ ಅವನ ಪಾಲು ದೊಡ್ಡದು. ಕೋಪನ್‌ಹೇಗನ್‌ನ ಸ್ವೀಟ್ ಸೈಲೆನ್ಸ್ ಸ್ಟುಡಿಯೊದಲ್ಲಿ ನಿರ್ಮಾಪಕ ಫ್ಲೆಮಿಂಗ್ ರಾಸ್ಮುಸೆನ್ ಕೂತಿದ್ದ. ಇಷ್ಟೂ ಜನರ ಜೊತೆಗೆ ಎಲ್‌ಪಿ ತಟ್ಟೆಯೂ ಒಬ್ಬ ಸಂಪಾದಕ. ಒಂದು ಮಗ್ಗುಲಿಗೆ ಇಷ್ಟೇ ನಿಮಿಷ, ಅದಕ್ಕಿಂತ ತುರುಕಿದರೆ ಶಬ್ದ ಸೊರಗುತ್ತದೆ.

1986ರ ಸೆಪ್ಟೆಂಬರ್ 27ರಂದು ಸ್ವೀಡನ್‌ನಲ್ಲಿ ತಂಡದ ಬಸ್ಸು ಉರುಳಿ ಬರ್ಟನ್ ಸತ್ತ. 24 ವರ್ಷ. ಎರಡು ವರ್ಷದ ನಂತರ ಬಂದ ಜಸ್ಟಿಸ್‌ನಲ್ಲೇ ಈ ಕಾಯಿಲೆಯ ಮೊದಲ ಲಕ್ಷಣ ಕಾಣುತ್ತದೆ ಎಂಬುದನ್ನು ಹಳೆಯ ಭಕ್ತನಾದ ನಾನೂ ಮುಚ್ಚಿಡುವುದಿಲ್ಲ. ಬೇಸ್ ಮಾಯ, ಹಾಡುಗಳು ಉದ್ದ. ಹತ್ತು ನಿಮಿಷದ ಹತ್ತಿರವಿದ್ದ ಅದರ ಶೀರ್ಷಿಕೆ ಹಾಡನ್ನು ವೇದಿಕೆಯಲ್ಲಿ ನುಡಿಸುವಾಗ ಮುಂದಿನ ಸಾಲಿನವರು ಆಕಳಿಸುತ್ತಿದ್ದರು ಎಂದು ಹ್ಯಾಮೆಟ್ಟೇ ಹೇಳಿಕೊಂಡಿದ್ದಾನೆ. ಆ ಆಕಳಿಕೆಗೆ ಅವರು ಬೆಲೆ ಕೊಟ್ಟರು, ಬ್ಲ್ಯಾಕ್ ಆಲ್ಬಂನಲ್ಲಿ ಹಾಡುಗಳು ಗಿಡ್ಡವಾದವು. ಈಗ ಮುಂದಿನ ಸಾಲಿನಲ್ಲಿ ಆಕಳಿಸುವ ಧೈರ್ಯ ಯಾರಿಗಿದೆ? ಅಲ್ಲಿ ನಿಲ್ಲಲು ತೆತ್ತ ದುಡ್ಡು ನೆನೆದರೇ ನಿದ್ದೆ ಹಾರಿಹೋಗುತ್ತದೆ.

ಇವತ್ತು ಸ್ಟುಡಿಯೊ ಅವರದೇ, ಕಂಪನಿ ಅವರದೇ. ನಿರ್ಮಾಪಕ ಗ್ರೆಗ್ ಫೈಡಲ್ಮನ್ ನುರಿತವನು, ಶಬ್ದ ಸೊಗಸಾಗಿದೆ, ಡೆತ್ ಮ್ಯಾಗ್ನೆಟಿಕ್‌ನ ಗೋಳು ಇಲ್ಲ. ಆದರೆ ಆಲ್ಬಂನ ಹೊದಿಕೆಯಲ್ಲಿ ನಿರ್ಮಾಪಕರೆಂದು ಅವನ ಹೆಸರಿನ ಜೊತೆ ಹೆಟ್‌ಫೀಲ್ಡ್, ಉಲ್ರಿಚ್ ಹೆಸರೂ ಇವೆ. ಹಾಡು ಕಟ್ಟಿದವರೇ ಹಾಡನ್ನು ಅಳೆಯುವವರು. ಕತ್ತರಿ ಯಾರ ಕೈಯಲ್ಲಿದೆ?

ಹ್ಯಾಮೆಟ್‌ನ ವಿಷಯದಲ್ಲಿ ನನಗೆ ಬೇಸರವೇ ಹೆಚ್ಚು. ಹೆಸರಾಂತ ಗಿಟಾರಿಸ್ಟ್ ಜೋ ಸಾಟ್ರಿಯಾನಿ ಬಳಿ ಪಾಠ ಹೇಳಿಸಿಕೊಂಡವನು. ಫೇಡ್ ಟು ಬ್ಲ್ಯಾಕ್‌ನ ಕೊನೆಯ ಸೋಲೋವನ್ನು ಗಿಟಾರ್ ಮುಟ್ಟದವರೂ ಗುನುಗುತ್ತಾರೆ, ಅಷ್ಟು ಕಟ್ಟಿಟ್ಟ ಮಟ್ಟು ಅದು. 2014ರಲ್ಲಿ ಅವನ ಫೋನು ಕಳೆದುಹೋಯಿತು, ಅದರಲ್ಲಿದ್ದ ಸುಮಾರು 250 ರಿಫ್‌ಗಳೂ ಹೋದವು. ಹಾರ್ಡ್‌ವೈರ್ಡ್‌ನ ಒಂದು ಹಾಡಿಗೂ ಅವನ ಹೆಸರಿಲ್ಲ. 72 ಸೀಸನ್ಸ್‌ನಲ್ಲಿ ಸೋಲೋಗಳನ್ನು ಮೊದಲೇ ಕಟ್ಟದೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸಿದೆ ಎನ್ನುತ್ತಾನೆ. ತೋಚುವುದು ಅದೇ ಐದು ಸ್ವರ, ಕಾಲಕೆಳಗೆ ಗಿಟಾರಿನ ದನಿಯನ್ನು ‘ವಾ ವಾ’ ಎನಿಸುವ ಅದೇ ವಾ ಪೆಡಲು. ಕೇಳಿ ಮುಗಿದ ಮೇಲೆ ಒಂದನ್ನೂ ಗುನುಗಲು ಬರುವುದಿಲ್ಲ.

ಸಾಹಿತ್ಯ ಮಾಗಿದೆ ಎನ್ನುತ್ತಾರೆ. ಒಪ್ಪಿದೆ. ಹೆಟ್‌ಫೀಲ್ಡ್‌ನ ನೋವು ನಿಜ, ಅದನ್ನು ಹೇಳುವ ಧೈರ್ಯ ದೊಡ್ಡದು. ಆದರೆ ನೋವು ನಿಜ ಎಂದಮಾತ್ರಕ್ಕೆ ರಿಫ್ ಗಟ್ಟಿಯಾಗಿಬಿಡುವುದಿಲ್ಲ. ನಾವು ಮಾತಾಡುತ್ತಿರುವುದು ಥ್ರ್ಯಾಶ್ ತಂಡದ ಬಗ್ಗೆ; ಅಲ್ಲಿ ಗಿಟಾರು ಮೊದಲು ನಂಬಿಸಬೇಕು, ಮಾತು ಆಮೇಲೆ.

ತಂಡದ ಸ್ವಂತ ತೀರ್ಪೂ ನನ್ನ ಕಡೆಗೇ ಇದೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನುಡಿಸಿದ್ದರಲ್ಲಿ ಬಹುಪಾಲು 1991 ಮತ್ತು ಅದಕ್ಕಿಂತ ಹಿಂದಿನದು. ಎರಡು ದಿನ ಮೊದಲು ಗುರುಗ್ರಾಮದ ಕಾರ್ಯಕ್ರಮ ರದ್ದಾಗಿತ್ತು. ಅಲ್ಲಿಗೆ ಟಿಕೆಟ್ ಕೊಂಡವರಲ್ಲಿ ಬೆಂಗಳೂರಿಗೆ ಓಡಿಬಂದವರೂ ಇದ್ದರು. ಅವರು ಬಂದದ್ದು ಆ ಹಳೆಯ ಹಾಡುಗಳಿಗೆ. ಮರುದಿನವೇ ಹಾಡುಗಾರ ಲೂ ರೀಡ್ ಜೊತೆ ಮಾಡಿದ ‘ಲೂಲು’ ಆಲ್ಬಂ ಬಿಡುಗಡೆಯಾಯಿತು. ಅದನ್ನು ಆ ಮೈದಾನದಲ್ಲಿ ನುಡಿಸಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ.

ಹೊಸದರಲ್ಲಿ ಏನೂ ಇಲ್ಲ ಎನ್ನುವಷ್ಟು ಮೊಂಡ ನಾನಲ್ಲ. ಕೊನೆಯ ಎರಡು ಆಲ್ಬಂಗಳ 24 ಹಾಡುಗಳಿಂದ ನಾನೇ ಎಂಟನ್ನು ಆರಿಸಿ ಇಟ್ಟುಕೊಂಡಿದ್ದೇನೆ: ‘ಹಾರ್ಡ್‌ವೈರ್ಡ್’, ‘ಅಟ್ಲಾಸ್, ರೈಸ್’, ‘ಮಾತ್ ಇಂಟು ಫ್ಲೇಮ್’, ‘ಹ್ಯಾಲೊ ಆನ್ ಫೈರ್’, ‘ಲಕ್ಸ್ ಈಟರ್ನಾ’, ‘ಶ್ಯಾಡೋಸ್ ಫಾಲೋ’, ಮೂರು ನಿಮಿಷ ಕತ್ತರಿಸಿದ ‘ಇನಮೊರಾಟಾ’, ಕೊನೆಗೆ ‘ಸ್ಪಿಟ್ ಔಟ್ ದ ಬೋನ್’. ಎಲ್ಲ ಸೇರಿ 50 ನಿಮಿಷದೊಳಗೆ ಮುಗಿಯುತ್ತದೆ. ಇಷ್ಟನ್ನೇ ಒಂದು ಆಲ್ಬಂ ಮಾಡಿ ಬಿಟ್ಟಿದ್ದರೆ, ಮೇಲಿನ ಪರ ವಾದವನ್ನು ನಾನೇ ಬರೆದುಕೊಡುತ್ತಿದ್ದೆ.